ವೆರಿಟಿ ಲ್ಯಾಂಬರ್ಟ್: ಹೊಣೆ ಹೊತ್ತ ನಿರ್ಮಾಪಕಿ

ಕನ್ನಡ ಚಿತ್ರರಂಗದಲ್ಲಿ ನಿರ್ಮಾಪಕರೆಂದರೆ ಮೊದಲು ನೆನಪಾಗುವುದು ಹಣ. ಬಂಡವಾಳ ಹೂಡುವವರು ಅವರು, ಕಲೆಯ ಹೊಣೆ ನಿರ್ದೇಶಕರದು ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಬ್ರಿಟನ್ನಿನ ಟೆಲಿವಿಷನ್ ಲೋಕದಲ್ಲಿ ಈ ಪದದ ಅರ್ಥ ಬೇರೆ. ಇಲ್ಲಿನ ನಿರ್ಮಾಪಕರು ಬಹುಮಟ್ಟಿಗೆ ಸಂಬಳಕ್ಕೆ ದುಡಿಯುವವರು. ಕತೆಯನ್ನು ಆರಿಸುವುದು, ಬರೆಯಬಲ್ಲವರನ್ನು ಹುಡುಕಿ ಬರೆಸುವುದು, ನಿರ್ದೇಶಕರನ್ನೂ ನಟರನ್ನೂ ಗೊತ್ತುಮಾಡುವುದು, ಕೊಟ್ಟ ಹಣದಲ್ಲಿ ಕೊಟ್ಟ ದಿನದೊಳಗೆ ಕೆಲಸ ಮುಗಿಸುವುದು, ಮೇಲಿನವರು ಬೇಡವೆಂದಾಗ ಅವರೊಡನೆ ವಾದಿಸುವುದು, ಸೋತರೆ ತಲೆದಂಡ ತೆರುವುದು, ಇವಿಷ್ಟೂ ಅವರ ಪಾಲಿಗೆ ಬರುತ್ತವೆ. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ತಲೆಭಾಗದಲ್ಲಿ ಹಿರಿಯ ವೈದ್ಯರೊಬ್ಬರ ಹೆಸರನ್ನು ಬರೆದಿರುವ ವಾಡಿಕೆಯಿದೆ. ಚುಚ್ಚುಮದ್ದು ಕೊಡುವವರು, ಶುಶ್ರೂಷೆ ಮಾಡುವವರು ಬೇರೆಯವರಿರಬಹುದು. ಕೊನೆಗೆ ಉತ್ತರ ಹೇಳಬೇಕಾದವರು ಆ ಹೆಸರಿನವರು. ನಿರ್ಮಾಪಕರ ಸ್ಥಾನವೂ ಅಂತಹುದೇ. ನಲವತ್ತಕ್ಕೂ ಹೆಚ್ಚು ವರ್ಷ ಆ ಸ್ಥಾನದಲ್ಲಿ ದುಡಿದ ವೆರಿಟಿ ಲ್ಯಾಂಬರ್ಟ್ ತಾವಾಗಿ ಒಂದು ಧಾರಾವಾಹಿಯನ್ನೂ ಬರೆದು ಹೆಸರಾದವರಲ್ಲ, ನಿರ್ದೇಶಿಸಿ ಹೆಸರಾದವರೂ ಅಲ್ಲ. ಆದರೂ ಬ್ರಿಟಿಷ್ ಕಿರುತೆರೆಯ ಚರಿತ್ರೆಯನ್ನು ಅವರ ಹೆಸರಿಲ್ಲದೆ ಬರೆಯಲಾಗದು.

ವೆರಿಟಿ 1935ರ ನವೆಂಬರ್ 27ರಂದು ಲಂಡನ್ನಿನಲ್ಲಿ, ಯಹೂದಿ ಲೆಕ್ಕಪರಿಶೋಧಕರೊಬ್ಬರ ಮಗಳಾಗಿ ಹುಟ್ಟಿದರು. ಓದಿದ್ದು ಬ್ರೈಟನ್ ಬಳಿಯ ರೋಡೀನ್ ಎಂಬ ಪ್ರತಿಷ್ಠಿತ ಹೆಣ್ಣುಮಕ್ಕಳ ಶಾಲೆಯಲ್ಲಿ. ಹದಿನಾರಕ್ಕೆ ಅದನ್ನು ಬಿಟ್ಟು ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಒಂದು ವರ್ಷ ಕಳೆದರು. ಮರಳಿ ಬಂದು ಕಲಿತದ್ದು ಶೀಘ್ರಲಿಪಿ ಮತ್ತು ಬೆರಳಚ್ಚು. ಆ ಕಾಲದಲ್ಲಿ ಮಧ್ಯಮವರ್ಗದ ಹೆಣ್ಣುಮಕ್ಕಳಿಗೆ ಕಚೇರಿಯ ಬಾಗಿಲು ತೆರೆಯುತ್ತಿದ್ದ ಕೀಲಿಕೈ ಅದೊಂದೇ. ಫ್ರೆಂಚ್ ಬರುತ್ತದೆಂಬ ಕಾರಣಕ್ಕೆ ಲಂಡನ್ನಿನ ಹೋಟೆಲೊಂದು ಊಟದ ಪಟ್ಟಿಯನ್ನು ಬೆರಳಚ್ಚು ಮಾಡಲು ಅವರನ್ನು ಇಟ್ಟುಕೊಂಡಿತು. 1956ರಲ್ಲಿ ಗ್ರಾನಡಾ ಟೆಲಿವಿಷನ್ ಸಂಸ್ಥೆಯ ಪತ್ರಿಕಾ ವಿಭಾಗದಲ್ಲಿ ಕಾರ್ಯದರ್ಶಿಯ ಕೆಲಸ ಸಿಕ್ಕಿತು. ಆರು ತಿಂಗಳಲ್ಲಿ ಅದರಿಂದ ತೆಗೆದುಹಾಕಿದರು. ಬಳಿಕ ಎಬಿಸಿ ಎಂಬ ಇನ್ನೊಂದು ಖಾಸಗಿ ಸಂಸ್ಥೆಯನ್ನು ಶೀಘ್ರಲಿಪಿಗಾರ್ತಿಯಾಗಿ ಸೇರಿ, ಮೆಲ್ಲಗೆ ನಾಟಕ ವಿಭಾಗದ ಕಡೆಗೆ ಸರಿದರು. ಕೆನಡಾದಿಂದ ಬಂದ ಸಿಡ್ನಿ ನ್ಯೂಮನ್ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಅರಮನೆ, ಬಂಗಲೆಗಳ ಕತೆಗಳನ್ನು ಬದಿಗೊತ್ತಿ ಸಾಮಾನ್ಯರ ಬದುಕನ್ನು ನಾಟಕವಾಗಿಸಬೇಕೆಂಬ ಹಠ ಅವರದು. ಭಾನುವಾರ ರಾತ್ರಿಗಳಲ್ಲಿ ಬರುತ್ತಿದ್ದ ‘ಆರ್ಮ್‌ಚೇರ್ ಥಿಯೇಟರ್’ ನಾಟಕಮಾಲೆ ಅವರ ಕೈಯಲ್ಲಿ ಹೊಸ ರೂಪ ಪಡೆದಿತ್ತು.

ಆ ನಾಟಕಗಳು ನೇರವಾಗಿ ಪ್ರಸಾರವಾಗುತ್ತಿದ್ದವು. ತಪ್ಪಿದರೆ ತಿದ್ದುವ ಅವಕಾಶವಿಲ್ಲ. 1958ರ ನವೆಂಬರ್ ತಿಂಗಳ ಕೊನೆಯಲ್ಲಿ ‘ಅಂಡರ್‌ಗ್ರೌಂಡ್’ ಎಂಬ ನಾಟಕ ಮ್ಯಾಂಚೆಸ್ಟರಿನ ಸ್ಟುಡಿಯೋದಿಂದ ಪ್ರಸಾರವಾಗುತ್ತಿತ್ತು. ಗ್ಯಾರೆತ್ ಜೋನ್ಸ್ ಎಂಬ ಮೂವತ್ತಮೂರು ವರ್ಷದ ನಟ ಎರಡು ದೃಶ್ಯಗಳ ನಡುವೆ ಕುಸಿದು ಬಿದ್ದು ತೀರಿಕೊಂಡರು. ಅವರು ವಹಿಸಿದ್ದ ಪಾತ್ರಕ್ಕೆ ಕತೆಯಲ್ಲಿ ಹೃದಯಾಘಾತವಾಗಬೇಕಿತ್ತು. ಪಾತ್ರಕ್ಕೆ ಬರಬೇಕಾದದ್ದು ನಟನಿಗೇ ಬಂದಿತು. ವೈದ್ಯನಾಗಿ ಈ ಪ್ರಸಂಗವನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ಬರುತ್ತದೆ. ಎದೆಯನ್ನು ಹೊರಗಿನಿಂದ ಒತ್ತಿ, ನಿಂತ ಹೃದಯದ ರಕ್ತಸಂಚಾರವನ್ನು ಕಾಯ್ದುಕೊಳ್ಳುವ ವಿಧಾನ ಇಂದು ಶಾಲಾಮಕ್ಕಳಿಗೂ ಗೊತ್ತು. ಅದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಬಳಕೆಗೆ ಬಂದದ್ದು 1960ರಲ್ಲಿ. ಆ ರಾತ್ರಿ ಪಕ್ಕದಲ್ಲಿದ್ದವರಿಗೆ ಮಾಡಲು ಹೆಚ್ಚೇನೂ ಇರಲಿಲ್ಲ.

ನಾಟಕ ನಿಲ್ಲಲಿಲ್ಲ. ನಿರ್ದೇಶಕ ಟೆಡ್ ಕೋಚೆಫ್ ಮೇಲಿನ ನಿಯಂತ್ರಣ ಕೊಠಡಿಯಿಂದ ಸ್ಟುಡಿಯೋಗೆ ಇಳಿದು ಬಂದು, ಸತ್ತ ನಟನ ಮಾತುಗಳನ್ನು ಉಳಿದವರಿಗೆ ಹಂಚಿ, ಕತೆಯನ್ನು ಹೇಗಾದರೂ ದಡ ಸೇರಿಸುವ ಯತ್ನದಲ್ಲಿ ತೊಡಗಿದರು. ಯಾವ ಕ್ಯಾಮೆರಾದ ಚಿತ್ರ ಯಾವಾಗ ಪರದೆಗೆ ಹೋಗಬೇಕೆಂದು ನಿರ್ಧರಿಸುವ ಕೆಲಸ ಕೊಠಡಿಯಲ್ಲಿ ಉಳಿದಿದ್ದ ಸಹಾಯಕಿಯ ಮೇಲೆ ಬಿತ್ತು. ನಟರು ಎಲ್ಲಿ ನಿಲ್ಲುತ್ತಾರೆ, ಏನು ಆಡುತ್ತಾರೆ ಎಂಬುದು ಯಾರಿಗೂ ತಿಳಿಯದ ಹೊತ್ತಿನಲ್ಲಿ, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದ ವೆರಿಟಿ ಪ್ರಸಾರವನ್ನು ಕೊನೆಯವರೆಗೆ ನಡೆಸಿದರು.

ಇಷ್ಟಾದರೂ ಬಡ್ತಿ ಬರಲಿಲ್ಲ. 1961ರಲ್ಲಿ ನ್ಯೂಯಾರ್ಕಿಗೆ ಹೋಗಿ, ಅಮೆರಿಕದ ಹೆಸರಾಂತ ನಿರ್ಮಾಪಕ ಡೇವಿಡ್ ಸಸ್‌ಕೈಂಡ್ ಅವರ ಆಪ್ತ ಸಹಾಯಕಿಯಾಗಿ ಒಂದು ವರ್ಷ ದುಡಿದು ಬಂದರು. ನಿರ್ದೇಶಕಿಯಾಗಬೇಕೆಂಬ ಆಸೆಯಿತ್ತು, ಸಿಕ್ಕಿದ್ದು ಹಳೆಯ ಸಹಾಯಕಿಯ ಕುರ್ಚಿಯೇ. ಇನ್ನೊಂದು ವರ್ಷದಲ್ಲಿ ಮೇಲೇರಲಾಗದಿದ್ದರೆ ಈ ವೃತ್ತಿಯನ್ನೇ ಬಿಡುವುದೆಂದು ನಿಶ್ಚಯಿಸಿದ್ದರು. ಅಷ್ಟರಲ್ಲಿ ಸಿಡ್ನಿ ನ್ಯೂಮನ್ ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿ ಹೋದರು. ಶನಿವಾರ ಸಂಜೆ ಕ್ರೀಡಾ ಕಾರ್ಯಕ್ರಮಕ್ಕೂ ಹಾಡುಗಳ ಕಾರ್ಯಕ್ರಮಕ್ಕೂ ನಡುವೆ ವೀಕ್ಷಕರು ಎದ್ದುಹೋಗದಂತೆ ಹಿಡಿದಿಡುವ, ಮಕ್ಕಳೂ ಹಿರಿಯರೂ ಕೂಡಿ ನೋಡುವ ಧಾರಾವಾಹಿಯೊಂದು ಅವರಿಗೆ ಬೇಕಿತ್ತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ನಿಗೂಢ ವೃದ್ಧ, ಅವನ ಮೊಮ್ಮಗಳು, ಜೊತೆಗೆ ಇತಿಹಾಸ ಮತ್ತು ವಿಜ್ಞಾನ ಕಲಿಸುವ ಇಬ್ಬರು ಉಪಾಧ್ಯಾಯರು. ಪೊಲೀಸರ ನೀಲಿ ದೂರವಾಣಿ ಪೆಟ್ಟಿಗೆಯ ವೇಷದಲ್ಲಿ ಒಂದು ಕಾಲಯಂತ್ರ. ಹೆಸರು ‘ಡಾಕ್ಟರ್ ಹೂ’. (ಹೆಸರು ಕೇಳಿ ಆಸ್ಪತ್ರೆಯ ಕತೆಯೆಂದು ತಿಳಿಯಬೇಕಿಲ್ಲ, ಈ ಡಾಕ್ಟರಿಗೂ ನನ್ನ ವೃತ್ತಿಗೂ ದೂರದ ನಂಟೂ ಇಲ್ಲ.) ನಿರ್ಮಾಪಕರ ಸ್ಥಾನಕ್ಕೆ ಮೊದಲು ಕೇಳಿದವರು ಒಪ್ಪದಿದ್ದಾಗ ನ್ಯೂಮನ್ ತಮ್ಮ ಹಳೆಯ ಸಹಾಯಕಿಯನ್ನು ಕರೆದರು. 1963ರ ಜೂನ್‌ನಲ್ಲಿ ವೆರಿಟಿ ಬಿಬಿಸಿ ಸೇರಿದರು. ವಯಸ್ಸು ಇಪ್ಪತ್ತೇಳು. ಆ ವಿಭಾಗದ ನಿರ್ಮಾಪಕರಲ್ಲೆಲ್ಲ ಅವರೇ ಕಿರಿಯರು, ಮತ್ತು ಹೆಣ್ಣೆಂದರೆ ಅವರೊಬ್ಬರೇ.

ಮೊದಲ ಕತೆಯನ್ನು ನಿರ್ದೇಶಿಸಲು ಸಿಕ್ಕವರು ವಾರಿಸ್ ಹುಸೇನ್. ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲಿ ಇಂಗ್ಲೆಂಡಿಗೆ ಬಂದು, ಕೇಂಬ್ರಿಜ್‌ನಲ್ಲಿ ಓದಿದ ಇಪ್ಪತ್ತನಾಲ್ಕರ ತರುಣ. ಭಾರತೀಯ ಇಂಗ್ಲಿಷ್ ಸಾಹಿತ್ಯವನ್ನು ಬಲ್ಲವರಿಗೆ ಪರಿಚಿತರಾದ ಕಾದಂಬರಿಗಾರ್ತಿ ಅತಿಯಾ ಹುಸೇನ್ ಅವರ ಮಗ. ಬಿಬಿಸಿಯ ಹಳಬರಿಗೆ ಈ ಜೋಡಿಯನ್ನು ನೋಡಿ ಏನನ್ನಿಸಿತೆಂದು ಊಹಿಸಬಹುದು. ಒಬ್ಬಳು ಬೆರಳಚ್ಚಿನಿಂದ ಮೇಲೆದ್ದ ಯುವತಿ, ಇನ್ನೊಬ್ಬ ಕಂದುಬಣ್ಣದ ಹುಡುಗ. ಇಬ್ಬರಿಗೂ ಒಪ್ಪಿಸಿದ್ದು ಯಾರಿಗೂ ಬೇಡವಾದ ಮಕ್ಕಳ ಕಾರ್ಯಕ್ರಮ. ಸಿಕ್ಕಿದ ಜಾಗ ಲೈಮ್ ಗ್ರೋವ್‌ನ ಸ್ಟುಡಿಯೋ ಡಿ. ಮೂಕಿಚಿತ್ರಗಳ ಕಾಲದ ಕಟ್ಟಡ, ಇಕ್ಕಟ್ಟು, ದೀಪಗಳ ಝಳ ತಡೆಯಲಾಗದಷ್ಟು. ಒಂದು ಕಂತಿಗೆ ಎರಡು ಸಾವಿರ ಪೌಂಡಿಗಿಂತ ತುಸು ಹೆಚ್ಚು ಹಣ. ವಾರವೆಲ್ಲ ತಾಲೀಮು, ವಾರದ ಕೊನೆಗೆ ಒಂದೇ ದಿನದಲ್ಲಿ ಮುದ್ರಣ. ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ, ನೇರಪ್ರಸಾರವೋ ಎಂಬಂತೆ ತಡೆಯಿಲ್ಲದೆ ಮುದ್ರಿಸಬೇಕಿತ್ತು. 1958ರ ಆ ರಾತ್ರಿಯ ಅನುಭವ ಅವರಿಗೆ ಇಲ್ಲಿ ಕೈಗೆ ಬಂದಿರಬೇಕು.

ಮುಖ್ಯ ಪಾತ್ರಕ್ಕೆ ಅವರು ಬಯಸಿದ್ದು ವಿಲಿಯಂ ಹಾರ್ಟ್ನೆಲ್ ಅವರನ್ನು. ಗದರುವ ಸೈನಿಕ ಅಧಿಕಾರಿಗಳ ಪಾತ್ರದಲ್ಲಿ ಸಿಕ್ಕಿಹಾಕಿಕೊಂಡಿದ್ದ ಐವತ್ತೈದರ ನಟ ಅವರು. ಮಕ್ಕಳ ಧಾರಾವಾಹಿಯೆಂದರೆ ಹಿಂಜರಿದರು. ನಿರ್ಮಾಪಕಿಯೂ ನಿರ್ದೇಶಕರೂ ಅವರನ್ನು ಊಟಕ್ಕೆ ಕರೆದೊಯ್ದು ಒಲಿಸಿಕೊಂಡರು. ಸಂಗೀತದ ವಿಷಯದಲ್ಲಿಯೂ ವೆರಿಟಿ ಹಳೆಯ ದಾರಿ ಹಿಡಿಯಲಿಲ್ಲ. ರಾನ್ ಗ್ರೇನರ್ ರಚಿಸಿದ ರಾಗವನ್ನು ಬಿಬಿಸಿಯ ಧ್ವನಿಪ್ರಯೋಗ ಕಾರ್ಯಾಗಾರದಲ್ಲಿ ಡೀಲಿಯಾ ಡರ್ಬಿಶೈರ್ ಎಂಬ ಗಣಿತ ಮತ್ತು ಸಂಗೀತದ ಪದವೀಧರೆ ವಾದ್ಯಗಳ ನೆರವಿಲ್ಲದೆ, ಟೇಪಿನ ತುಣುಕುಗಳನ್ನು ಅಳೆದು ಅಂಟಿಸಿ ಕಟ್ಟಿಕೊಟ್ಟರು. ಸಿಂಥಸೈಜರ್ ಇನ್ನೂ ಬಳಕೆಗೆ ಬಾರದ ದಿನಗಳವು.

ಮೊದಲ ಕಂತನ್ನು ಮುದ್ರಿಸಿ ತೋರಿಸಿದಾಗ ನ್ಯೂಮನ್ ಮೆಚ್ಚಲಿಲ್ಲ. ದೋಷಗಳನ್ನು ಪಟ್ಟಿಮಾಡಿ ಕೊಟ್ಟು, ಇಡೀ ಕಂತನ್ನು ಮತ್ತೆ ಮಾಡಲು ಹೇಳಿದರು. ಎರಡನೆಯ ಬಾರಿಗೆ ಮಾಡಿದ್ದು 1963ರ ನವೆಂಬರ್ 23ರ ಶನಿವಾರ ಪ್ರಸಾರವಾಯಿತು. ಅದರ ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಅಂತಹ ಹೊತ್ತಿನಲ್ಲಿ ಹೊಸ ಧಾರಾವಾಹಿಯನ್ನು ಯಾರು ಗಮನಿಸಿಯಾರು? ಮರುವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

ನಿಜವಾದ ಪರೀಕ್ಷೆ ಬಂದದ್ದು ಎರಡನೆಯ ಕತೆಯಲ್ಲಿ. ಟೆರ್ರಿ ನೇಷನ್ ಬರೆದ ಆ ಕತೆಯಲ್ಲಿ ಡಾಲೆಕ್ ಎಂಬ ಜೀವಿಗಳಿದ್ದವು. ಅಣುಯುದ್ಧದಿಂದ ವಿಕಾರಗೊಂಡು ಲೋಹದ ಕವಚದೊಳಗೆ ಬದುಕುವ, ತಮಗಿಂತ ಭಿನ್ನವಾದುದನ್ನೆಲ್ಲ ನಾಶಮಾಡಲು ಹೊರಟವು. ಮಕ್ಕಳ ಕಾರ್ಯಕ್ರಮದಲ್ಲಿ ಇಂತಹ ವಿಕಾರ ಪ್ರಾಣಿಗಳು ಕೂಡದೆಂದು ನ್ಯೂಮನ್ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಧಾರಾವಾಹಿ ವಿಭಾಗದ ಮುಖ್ಯಸ್ಥ ಡೊನಾಲ್ಡ್ ವಿಲ್ಸನ್ ಹಸ್ತಪ್ರತಿಯನ್ನು ಓದಿ, ಇದನ್ನು ಮಾಡಲೇಬೇಡಿ ಎಂದರು. ಬೇರೊಂದು ಕತೆ ಸಿದ್ಧವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಕತೆಯ ಮೇಲೆ ವೆರಿಟಿಗೆ ನಂಬಿಕೆಯಿತ್ತು. ಪಟ್ಟು ಬಿಡದೆ ಮಾಡಿಸಿದರು. ರೇಮಂಡ್ ಕ್ಯೂಸಿಕ್ ವಿನ್ಯಾಸಗೊಳಿಸಿದ, ಕಾಲಿಲ್ಲದೆ ನೆಲದ ಮೇಲೆ ಜಾರುವ ಆ ಆಕೃತಿಗಳು 1963ರ ಕ್ರಿಸ್‌ಮಸ್ ವೇಳೆಗೆ ಪರದೆಗೆ ಬಂದವು. ಕತೆ ಮುಗಿಯುವುದರೊಳಗೆ ವೀಕ್ಷಕರ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ಯುದ್ಧ ಮುಗಿದು ಇನ್ನೂ ಇಪ್ಪತ್ತು ವರ್ಷ ತುಂಬಿರದ ದೇಶಕ್ಕೆ, ಕೈ ಮುಂದೆ ಚಾಚಿ ಒಂದೇ ದನಿಯಲ್ಲಿ ಕೂಗುವ ಆ ಯಂತ್ರಗಳು ಯಾರನ್ನು ನೆನಪಿಸುತ್ತಿದ್ದವೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಕಾರ್ಯಕ್ರಮವನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ, ಇನ್ನು ನಾನು ಅಡ್ಡಬರುವುದಿಲ್ಲ ಎಂದು ವಿಲ್ಸನ್ ಅವರೇ ಬಂದು ಒಪ್ಪಿಕೊಂಡರು. ಹಾಗೆ ಒಪ್ಪಿದ ಅವರ ದೊಡ್ಡತನವನ್ನೂ ನೆನೆಯಬೇಕು.

1965ರಲ್ಲಿ ವೆರಿಟಿ ಆ ಧಾರಾವಾಹಿಯನ್ನು ಬಿಟ್ಟು ಮುಂದೆ ನಡೆದರು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿ ಹಳೆಯ ಕಂತುಗಳನ್ನು ಅಳಿಸಿ ಅದೇ ಟೇಪುಗಳನ್ನು ಮರುಬಳಕೆ ಮಾಡುತ್ತಿತ್ತು. ಹುಸೇನ್ ನಿರ್ದೇಶಿಸಿದ ‘ಮಾರ್ಕೋ ಪೋಲೋ’ ಕತೆಯ ಮೂಲ ಟೇಪುಗಳೂ ಹೀಗೆ ಅಳಿದವು. ಸಂಸ್ಥೆಯ ದೃಷ್ಟಿಯಲ್ಲಿ ಅದು ಒಮ್ಮೆ ತೋರಿಸಿ ಮರೆಯುವ ಸರಕು.

ಬಿಬಿಸಿಯಲ್ಲಿದ್ದ ಉಳಿದ ವರ್ಷಗಳನ್ನು ಬೇಗ ದಾಟಬಹುದು. ‘ಆಡಮ್ ಆಡಮೆಂಟ್ ಲಿವ್ಸ್’ ಎಂಬ ಸಾಹಸಮಾಲೆಯ ಕೆಲವು ಕಂತುಗಳನ್ನು ಆಗ ಹೊಸಬರಾಗಿದ್ದ ರಿಡ್ಲಿ ಸ್ಕಾಟ್ ನಿರ್ದೇಶಿಸಿದ್ದರು. ಸಾಮರ್ಸೆಟ್ ಮಾಮ್ ಅವರ ಸಣ್ಣಕತೆಗಳನ್ನು ಆಧರಿಸಿದ ನಾಟಕಗಳು ಪ್ರಶಸ್ತಿ ತಂದವು. ನಡುವೆ ಲಂಡನ್ ವೀಕೆಂಡ್ ಟೆಲಿವಿಷನ್ನಿನಲ್ಲಿ ಕೆಲಕಾಲ ಕಳೆದು, 1974ರಲ್ಲಿ ಬಿಬಿಸಿಗಾಗಿ ‘ಶೋಲ್ಡರ್ ಟು ಶೋಲ್ಡರ್’ ಎಂಬ ಆರು ನಾಟಕಗಳನ್ನು ನಿರ್ಮಿಸಿದರು. ಮತದಾನದ ಹಕ್ಕಿಗಾಗಿ ಹೋರಾಡಿದ ಬ್ರಿಟಿಷ್ ಮಹಿಳೆಯರ ಕತೆ ಅದು. ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಆಗಿ ಶಾನ್ ಫಿಲಿಪ್ಸ್ ನಟಿಸಿದರು. ವಾರಿಸ್ ಹುಸೇನ್ ಮತ್ತೆ ಜೊತೆಗಿದ್ದರು. ಸೆರೆಮನೆಯಲ್ಲಿ ಉಪವಾಸ ಕುಳಿತ ಹೆಂಗಸರ ಮೂಗಿನಲ್ಲೋ ಬಾಯಲ್ಲೋ ನಳಿಕೆ ತುರುಕಿ ಆಹಾರ ಸುರಿಯುವ ಹಿಂಸೆಯನ್ನು ಆ ನಾಟಕಗಳು ಮರೆಮಾಚದೆ ತೋರಿಸಿದವು. ಆ ನಳಿಕೆಯನ್ನು ಹಿಡಿದಿದ್ದ ಕೈಗಳು ವೈದ್ಯರವು. ನನ್ನ ವೃತ್ತಿಯವರು ತಪ್ಪದೆ ನೋಡಬೇಕಾದ ದೃಶ್ಯವದು. ವೈದ್ಯ ನೀತಿಯ ಪಾಠಗಳಲ್ಲಿ ಇದಕ್ಕಿಂತ ಪರಿಣಾಮಕಾರಿಯಾದುದನ್ನು ನಾನು ಕಂಡಿಲ್ಲ.

ಅದೇ ವರ್ಷ ಅವರು ಥೇಮ್ಸ್ ಟೆಲಿವಿಷನ್ನಿನ ನಾಟಕ ವಿಭಾಗದ ಮುಖ್ಯಸ್ಥೆಯಾದರು. ಒಂದು ಕಾಲದಲ್ಲಿ ನ್ಯೂಮನ್ ಕುಳಿತಿದ್ದಂತಹ ಕುರ್ಚಿ. ಅವರ ವೃತ್ತಿಜೀವನದ ಅತ್ಯಂತ ಫಲವತ್ತಾದ ಕಾಲ ಇದೇ ಎಂದು ನನ್ನ ಎಣಿಕೆ, ‘ಡಾಕ್ಟರ್ ಹೂ’ ಅಭಿಮಾನಿಗಳು ಏನೇ ಅನ್ನಲಿ. 1975ರ ಡಿಸೆಂಬರಿನಲ್ಲಿ ಥೇಮ್ಸ್ ಪ್ರಸಾರಮಾಡಿದ ‘ದಿ ನೇಕೆಡ್ ಸಿವಿಲ್ ಸರ್ವೆಂಟ್’ ಚಿತ್ರ ಕ್ವೆಂಟಿನ್ ಕ್ರಿಸ್ಪ್ ಎಂಬ ಸಲಿಂಗಕಾಮಿಯ ಆತ್ಮಕಥೆಯನ್ನು ಆಧರಿಸಿದ್ದು. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಕಾನೂನಾಗಿ ಆಗ ಎಂಟು ವರ್ಷವಷ್ಟೇ ಆಗಿತ್ತು. ಕಾನೂನು ಬದಲಾದಷ್ಟು ಬೇಗ ಊಟದ ಮನೆಗಳಲ್ಲಿನ ಮಾತು ಬದಲಾಗುವುದಿಲ್ಲ. ಬಣ್ಣ ಬಳಿದ ತುಟಿ, ಕೆಂಪು ಕೂದಲಿನ ಒಬ್ಬ ಮನುಷ್ಯ ಏಟು ತಿನ್ನುತ್ತಲೂ ನಗೆಚಾಟಿಕೆ ಬಿಡದೆ ಬದುಕುವುದನ್ನು ಕುಟುಂಬಗಳು ಕೂಡಿ ನೋಡುವ ಹೊತ್ತಿನಲ್ಲಿ ತೋರಿಸಲು ಎದೆಗಾರಿಕೆ ಬೇಕಿತ್ತು. ನಟಿಸಬೇಡವೆಂದು ಹಿತೈಷಿಗಳು ಎಚ್ಚರಿಸಿದ್ದರೂ ಒಪ್ಪಿದ ಜಾನ್ ಹರ್ಟ್ ಆ ಪಾತ್ರದಿಂದಲೇ ಮನೆಮಾತಾದರು.

ಥೇಮ್ಸ್‌ನ ಅಂಗವಾದ ಯೂಸ್ಟನ್ ಫಿಲಂಸ್ ಕೂಡ ಅವರ ಕೈಕೆಳಗೆ ಬಂದಿತು. ಸ್ಟುಡಿಯೋ ಬಿಟ್ಟು ಲಂಡನ್ನಿನ ಬೀದಿಗಳಲ್ಲಿ 16 ಮಿಲಿಮೀಟರ್ ಫಿಲಂನಲ್ಲಿ ಚಿತ್ರೀಕರಿಸುವ ಸಂಸ್ಥೆ ಅದು. ಅಲ್ಲಿಂದ 1979ರಲ್ಲಿ ಬಂದ ‘ಮೈಂಡರ್’, ಸಣ್ಣಪುಟ್ಟ ಮೋಸದ ವ್ಯಾಪಾರಿ ಆರ್ಥರ್ ಡೇಲಿ ಮತ್ತು ಅವನ ಅಂಗರಕ್ಷಕನ ಕತೆ, ಆರಂಭದಲ್ಲಿ ಮುಗ್ಗರಿಸಿತು. ನಿಲ್ಲಿಸಿಬಿಡುವ ಮಾತು ಬಂದಾಗ ಅದರ ಬೆನ್ನಿಗೆ ನಿಂತವರು ವೆರಿಟಿ. ಮುಂದೆ ಅದು 1994ರವರೆಗೆ ನಡೆಯಿತು. 1983ರ ‘ವಿಡೋಸ್’, ದರೋಡೆಯಲ್ಲಿ ಸತ್ತ ಗಂಡಂದಿರ ಯೋಜನೆಯನ್ನು ಹೆಂಡಂದಿರೇ ಪೂರೈಸುವ ಕತೆ, ಲಿಂಡಾ ಲಾ ಪ್ಲಾಂಟ್ ಎಂಬ ನಟಿಯನ್ನು ಲೇಖಕಿಯಾಗಿ ನೆಲೆಗೊಳಿಸಿತು.

ಈ ಯಶಸ್ಸಿನ ನಡುವೆ ಒಂದು ಕಪ್ಪುಚುಕ್ಕೆಯೂ ಇದೆ. 1976ರ ‘ರಾಕ್ ಫಾಲೀಸ್’ ಮೂವರು ಗಾಯಕಿಯರ ವಾದ್ಯವೃಂದದ ಕತೆ. ಬಹುಮಾನ ಪಡೆದ, ಹೊಸ ಬಗೆಯ ಧಾರಾವಾಹಿ. ಆ ಕಲ್ಪನೆ ತಮ್ಮದು, ನಂಬಿ ಹೇಳಿಕೊಂಡದ್ದನ್ನು ತಮ್ಮನ್ನು ಬಿಟ್ಟು ಬಳಸಿಕೊಂಡರು ಎಂದು ಮೂವರು ನಟಿಯರು ಥೇಮ್ಸ್ ಸಂಸ್ಥೆಯನ್ನು ಲಂಡನ್ನಿನ ಹೈಕೋರ್ಟಿಗೆ ಎಳೆದರು, ಗೆದ್ದರು. ಬಾಯಿಮಾತಿನಲ್ಲಿ ಹೇಳಿದ ಕಲ್ಪನೆಗೂ ಕಾನೂನಿನ ರಕ್ಷಣೆಯುಂಟೆಂದು ಹೇಳುವಾಗ ವಕೀಲರು ಇಂದಿಗೂ ಉಲ್ಲೇಖಿಸುವ ತೀರ್ಪು ಅದು. ಹೆಣ್ಣುಮಕ್ಕಳ ಕತೆಗಳಿಗೆ ದಾರಿ ಮಾಡಿಕೊಟ್ಟ ಮುಖ್ಯಸ್ಥೆಯ ವಿಭಾಗದಲ್ಲಿಯೇ ಇದು ನಡೆಯಿತೆಂಬುದನ್ನು ಅವರ ಮೆಚ್ಚುಗೆಯ ಬರಹಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಮಂಚದ ಮೇಲಿನ ಹೆಸರು ಇಂತಹ ಸಂದರ್ಭಕ್ಕೂ ಅನ್ವಯಿಸುತ್ತದೆ.

1982ರಲ್ಲಿ ಅವರು ಥಾರ್ನ್ ಇಎಂಐ ಸಂಸ್ಥೆಯ ಚಲನಚಿತ್ರ ನಿರ್ಮಾಣ ವಿಭಾಗದ ಮುಖ್ಯಸ್ಥೆಯಾದರು. ಡೆನ್ನಿಸ್ ಪಾಟರ್ ಬರೆದ ‘ಡ್ರೀಮ್‌ಚೈಲ್ಡ್’ನಂತಹ ಸೂಕ್ಷ್ಮ ಚಿತ್ರವೊಂದು ಅಲ್ಲಿಂದ ಹೊರಬಂದರೂ, ದೊಡ್ಡ ಕಂಪನಿಯ ಲೆಕ್ಕಾಚಾರ ಅವರಿಗೆ ಒಗ್ಗಲಿಲ್ಲ. 1985ರಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿ ಸಿನೆಮಾ ವೆರಿಟಿ ಎಂದು ಹೆಸರಿಟ್ಟರು. ತಮ್ಮ ಹೆಸರನ್ನು ಫ್ರೆಂಚ್ ಚಿತ್ರಪಂಥವೊಂದರ ಹೆಸರಿನೊಡನೆ ಬೆರೆಸಿದ ಶ್ಲೇಷೆ. ಆ ದಿನಗಳಲ್ಲಿ ಅವರು ಕೈಜೋಡಿಸಿದ ಚಿತ್ರಗಳಲ್ಲೊಂದು ‘ಕ್ಲಾಕ್‌ವೈಸ್’. ಗಡಿಯಾರಕ್ಕೆ ಅಂಟಿಕೊಂಡ ಮುಖ್ಯೋಪಾಧ್ಯಾಯನೊಬ್ಬ ತಪ್ಪು ರೈಲು ಹತ್ತುವ ಆ ಹಾಸ್ಯದಲ್ಲಿ ಜಾನ್ ಕ್ಲೀಸ್ ನಟಿಸಿದ್ದರು.

ಇನ್ನೊಂದು ಚಿತ್ರದ ಬಗ್ಗೆ ತುಸು ನಿಂತು ಹೇಳಬೇಕು. 1980ರ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಉಲುರು ಬಂಡೆಯ ಬಳಿ ಬಿಡಾರ ಹೂಡಿದ್ದ ಚೇಂಬರ್ಲೇನ್ ದಂಪತಿಗಳ ಒಂಬತ್ತು ವಾರದ ಮಗು ಅಜಾರಿಯಾ ಡೇರೆಯಿಂದ ಕಾಣೆಯಾಯಿತು. ಡಿಂಗೋ ಎಂಬ ಕಾಡುನಾಯಿ ಹೊತ್ತೊಯ್ದಿತೆಂದು ತಾಯಿ ಲಿಂಡಿ ಹೇಳಿದರು. ದೇಶ ನಂಬಲಿಲ್ಲ. ಕ್ಯಾಮೆರಾದ ಮುಂದೆ ಆಕೆ ಅಳಲಿಲ್ಲ, ಜನ ಬಯಸಿದಂತೆ ದುಃಖಿಸಲಿಲ್ಲ; ಅದೇ ಅಪರಾಧದ ಸಾಕ್ಷಿಯಾಯಿತು. ಅವರ ಕಾರಿನಲ್ಲಿ ಭ್ರೂಣದ ಹಿಮೋಗ್ಲೋಬಿನ್, ಅಂದರೆ ಎಳೆಗೂಸಿನ ರಕ್ತ, ಕಂಡುಬಂತೆಂದು ತಜ್ಞರು ನ್ಯಾಯಾಲಯದಲ್ಲಿ ಹೇಳಿದರು. 1982ರಲ್ಲಿ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆ ರಕ್ತದ ಕಲೆಯೆಂದದ್ದು ಕಾರಿನ ಸದ್ದಡಗಿಸಲು ತಯಾರಕರು ಸಿಂಪಡಿಸಿದ್ದ ಲೇಪವೆಂದು ಆಮೇಲೆ ತಿಳಿಯಿತು. ಪರೀಕ್ಷೆಯ ಫಲಿತಾಂಶವನ್ನು ಅದರ ಮಿತಿಗಳನ್ನು ಬಿಟ್ಟು ಓದಿದರೆ ಏನಾಗುತ್ತದೆ ಎಂಬುದಕ್ಕೆ ಕಿರಿಯ ವೈದ್ಯರಿಗೆ ನಾನು ಕೊಡುವ ಉದಾಹರಣೆ ಇದು. 1986ರಲ್ಲಿ ಬಿಡುಗಡೆ, 1988ರ ಸೆಪ್ಟೆಂಬರಿನಲ್ಲಿ ದೋಷಮುಕ್ತಿ.

ಈ ಪ್ರಕರಣವನ್ನು ಆಧರಿಸಿದ, ಮೆರಿಲ್ ಸ್ಟ್ರೀಪ್ ನಟಿಸಿ ಫ್ರೆಡ್ ಸ್ಕೆಪಿಸಿ ನಿರ್ದೇಶಿಸಿದ ‘ಎ ಕ್ರೈ ಇನ್ ದ ಡಾರ್ಕ್’ ಚಿತ್ರವನ್ನು ವೆರಿಟಿ ನಿರ್ಮಿಸಿದರು; ಆಸ್ಟ್ರೇಲಿಯದಲ್ಲಿ ಅದರ ಹೆಸರು ‘ಈವಿಲ್ ಏಂಜೆಲ್ಸ್’. ದೋಷಮುಕ್ತಿಯಾದ ಕೆಲವೇ ವಾರಗಳಲ್ಲಿ ಅದು ತೆರೆಗೆ ಬಂದಿತು. ಲಕ್ಷಾಂತರ ಜನ ಇನ್ನೂ ಆ ತಾಯಿಯನ್ನು ಕೊಲೆಗಾರ್ತಿಯೆಂದೇ ನಂಬಿದ್ದ ದಿನಗಳಲ್ಲಿ ಚಿತ್ರ ಆಕೆಯ ಪಕ್ಷ ವಹಿಸಿತು. ಆದರೆ ಪ್ರೇಕ್ಷಕರ ಮರುಕ ಗಿಟ್ಟಿಸಲು ಆಕೆಯನ್ನು ಮೃದುವಾಗಿಸಲಿಲ್ಲ. ಸ್ಟ್ರೀಪ್ 1989ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ಡಿಂಗೋವೇ ಕಾರಣವೆಂದು ಮರಣವಿಚಾರಣಾಧಿಕಾರಿ ಅಧಿಕೃತವಾಗಿ ದಾಖಲಿಸಲು 2012 ಬರಬೇಕಾಯಿತು. ಅದನ್ನು ನೋಡಲು ವೆರಿಟಿ ಇರಲಿಲ್ಲ.

ಕಿರುತೆರೆಗೆ ಮರಳಿ 1991ರಲ್ಲಿ ಚಾನೆಲ್ 4ಕ್ಕಾಗಿ ಅಲನ್ ಬ್ಲೀಸ್‌ಡೇಲ್ ಬರೆದ ‘ಜಿಬಿಎಚ್’ ನಿರ್ಮಿಸಿದಾಗ ಪ್ರಶಂಸೆ ಹರಿದುಬಂತು. ಮರುವರ್ಷವೇ ‘ಎಲ್ಡೊರಾಡೊ’. ಸ್ಪೇನಿನ ಬೆಟ್ಟದ ತಪ್ಪಲಲ್ಲಿ ಇಡೀ ಹಳ್ಳಿಯನ್ನೇ ಕಟ್ಟಿ, ಅಲ್ಲಿ ನೆಲೆಸಿದ ಬ್ರಿಟಿಷರ ಬದುಕನ್ನು ವಾರಕ್ಕೆ ಮೂರು ದಿನ ತೋರಿಸುವ ಬಿಬಿಸಿಯ ಮಹತ್ವಾಕಾಂಕ್ಷೆಯ ಧಾರಾವಾಹಿಗೆ ಸಿನೆಮಾ ವೆರಿಟಿ ಕೈಜೋಡಿಸಿತ್ತು. ತಯಾರಿಗೆ ಸಮಯ ಸಾಲಲಿಲ್ಲ. ಅನುಭವವಿಲ್ಲದ ನಟರು, ಬರಿಯ ಗೋಡೆಗಳಲ್ಲಿ ಮಾರ್ದನಿಸುವ ಸಂಭಾಷಣೆ. ಪತ್ರಿಕೆಗಳು ಆಡಿಕೊಂಡವು. ಒಂದೇ ವರ್ಷಕ್ಕೆ ನಿಂತುಹೋಯಿತು. ಇಂದಿಗೂ ಬ್ರಿಟನ್ನಿನಲ್ಲಿ ಆ ಹೆಸರು ಸೋಲಿಗೆ ಪರ್ಯಾಯಪದ.

ಐವತ್ತೇಳರ ಪ್ರಾಯದಲ್ಲಿ ಇಂತಹ ಪೆಟ್ಟು ಬಿದ್ದವರು ನಿವೃತ್ತಿಯ ಮಾತಾಡುತ್ತಾರೆ. ವೆರಿಟಿ ಮತ್ತೆ ಮೊದಲಿನ ಕೆಲಸಕ್ಕೆ ಇಳಿದರು: ಒಬ್ಬ ಒಳ್ಳೆಯ ಲೇಖಕನನ್ನು ಹಿಡಿದು, ಅವನ ಬರಹವನ್ನು ಪರದೆಗೆ ತರುವುದು. ಡೇವಿಡ್ ರೆನ್ವಿಕ್ ಬರೆದ ‘ಜೊನಾಥನ್ ಕ್ರೀಕ್’ ಪತ್ತೇದಾರಿ ಮಾಲೆಯನ್ನು 1998ರಿಂದ 2004ರವರೆಗೆ ನಿರ್ಮಿಸಿದರು. ತೊಂಬತ್ತರ ದಶಕದ ಕೊನೆಯಲ್ಲಿ ಆಸ್ಪತ್ರೆಯ ವಸತಿಗೃಹಗಳಲ್ಲಿದ್ದ ನಮ್ಮಂತಹ ಭಾರತೀಯ ವೈದ್ಯರು ಶನಿವಾರ ರಾತ್ರಿ ಒಂದೇ ಟೀವಿಯ ಮುಂದೆ ಕುಳಿತು, ಬೀಗ ಹಾಕಿದ ಕೋಣೆಯೊಳಗಿನ ಕೊಲೆಯ ಗುಟ್ಟನ್ನು ಬಿಡಿಸಲು ಹೆಣಗಿದ್ದುಂಟು. ಕೊನೆಯಲ್ಲಿ ಸರಿದುಹೋಗುತ್ತಿದ್ದ ಹೆಸರುಗಳತ್ತ ಆಗ ಯಾರೂ ನೋಡುತ್ತಿರಲಿಲ್ಲ.

1973ರಲ್ಲಿ ನಿರ್ದೇಶಕ ಕಾಲಿನ್ ಬಕ್ಸಿಯವರೊಂದಿಗೆ ನಡೆದ ಅವರ ವಿವಾಹ 1987ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತ್ತು; ಮಕ್ಕಳಿರಲಿಲ್ಲ. 2002ರಲ್ಲಿ ಒಬಿಇ ಗೌರವ ಬಂದಿತು. ಹದಿನಾರು ವರ್ಷ ನಿಂತಿದ್ದ ‘ಡಾಕ್ಟರ್ ಹೂ’ 2005ರಲ್ಲಿ ಹೊಸದಾಗಿ ಆರಂಭವಾಗಿ ಮತ್ತೆ ಮನೆಮನೆ ಸೇರಿತು. 2007ರ ಮೇ ತಿಂಗಳ ಒಂದು ಕಂತಿನಲ್ಲಿ, ಮನುಷ್ಯನ ವೇಷದಲ್ಲಿರುವ ಡಾಕ್ಟರ್ ತನ್ನ ತಂದೆತಾಯಿಯರ ಹೆಸರನ್ನು ಸಿಡ್ನಿ ಮತ್ತು ವೆರಿಟಿ ಎಂದು ಹೇಳುತ್ತಾನೆ. ಆಗ ಅವರು ಬದುಕಿದ್ದರು. ಕ್ಯಾನ್ಸರ್ ಅವರನ್ನು ಅದೇ ವರ್ಷ ನವೆಂಬರ್ 22ರಂದು ಕೊಂಡೊಯ್ದಿತು. ಮರುದಿನ ‘ಡಾಕ್ಟರ್ ಹೂ’ ಮೊದಲ ಪ್ರಸಾರಕ್ಕೆ ನಲವತ್ತನಾಲ್ಕು ವರ್ಷ ತುಂಬುವುದಿತ್ತು. ಡಿಸೆಂಬರಿನಲ್ಲಿ ಚಲನಚಿತ್ರ ಮತ್ತು ಟೆಲಿವಿಷನ್ ಮಹಿಳೆಯರ ಸಂಘಟನೆಯ ಜೀವಮಾನ ಸಾಧನೆಯ ಪ್ರಶಸ್ತಿ ಅವರಿಗೆ ಸಲ್ಲಬೇಕಿತ್ತು. ರೆನ್ವಿಕ್ ಅವರೊಂದಿಗೆ ಮಾಡುತ್ತಿದ್ದ ‘ಲವ್ ಸೂಪ್’ ಹಾಸ್ಯಮಾಲೆಯ ಎರಡನೆಯ ಭಾಗವನ್ನು ಅವರು ತೀರಿಕೊಂಡ ಮೇಲೆ, 2008ರಲ್ಲಿ ಬಿಬಿಸಿ ಪ್ರಸಾರ ಮಾಡಿತು.